ಕೆನ್ನೆ ತುಂಬ ಗಾಳಿ

ಹಬೀಲ್, ತಾಯಿಜ್ ಸೀಮೆ
3 ಮಾರ್ಚ್ 1984

ನೂರಿಯಕ್ಕನಿಗೆ ತಮ್ಮ ಮುಕ್ಬಿಲನ ಸಲಾಮು.

ನಾವಿಲ್ಲಿ ಸೌಖ್ಯ. ಏಡನ್ನಿನಲ್ಲಿ ನೀನು, ಮಹ್ಯೂಬ್ ಭಾವ, ಹೊಲಿಗೆ ಕಾರ್ಖಾನೆಯ ನಿನ್ನ ಗೆಳತಿಯರು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಮಳೆ ಇನ್ನೂ ಬಂದಿಲ್ಲ. ಕಂದು ಹಸು ಗಬ್ಬ ಆಗಿದೆ.

ಮುಲೂಕ್ ನಾಲ್ಕು ದಿನ ಇದ್ದು ಬರ್ತೀನಿ ಅಂತ ದಿಮ್ನಕ್ಕೆ, ಅವಳ ಅಪ್ಪನ ಮನೆಗೆ ಹೋಗಿದ್ದಾಳೆ. ಸಣ್ಣ ಮಾತು ಬಂತು, ಅಷ್ಟೆ. ಹೆಂಗಸರಿಗೆ ಆಗಾಗ ತವರಿನ ನೆನಪಾಗುತ್ತೆ. ಅರ್ವಾಳೂ ಜೊತೆಗೆ ಹೋಗಿದ್ದಾಳೆ. ಮಗು ಆಟ ಆಡ್ತಾ ಬಿದ್ದು ಕೈ ಸ್ವಲ್ಪ ನೋವು ಮಾಡಿಕೊಂಡಿತ್ತು, ಈಗ ವಾಸಿ. ದಿಮ್ನ ಕಣಿವೆಯ ಆಚೆ ದಡದಲ್ಲೇ ಇರೋದು ನಿನಗೆ ಗೊತ್ತಲ್ಲ, ನಮ್ಮ ಮಾಳಿಗೆ ಮೇಲೆ ನಿಂತರೆ ಅವರ ಮನೆ ಒಲೆಯ ಹೊಗೆ ಕಾಣುತ್ತೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಲಾರಿ ಹಮ್ಮೂದನ ಕೈಲಿ ಈ ಕಾಗದದ ಜೊತೆ ಒಂದು ಡಬ್ಬಿ ಜೇನು ಕಳಿಸಿದ್ದೀನಿ. ಅವನು ದಾರಿಯಲ್ಲಿ ನೆಕ್ಕಿದ್ದರೆ ಬರೆದು ತಿಳಿಸು.

ನಿನ್ನ ತಮ್ಮ
ಮುಕ್ಬಿಲ್

•

ಏಡನ್
17 ಮಾರ್ಚ್ 1984

ಮುಕ್ಬಿಲ್,

ಜೇನು ಸಿಕ್ಕಿತು. ಜೇನು ಕಳಿಸಿದರೆ ಅಕ್ಕನ ಬಾಯಿಗೆ ಬೀಗ ಬೀಳುತ್ತೆ ಅಂದ್ಕೊಂಡ್ಯೇನೋ?

ನಿನ್ನ ಕಾಗದಕ್ಕಿಂತ ಎಂಟು ದಿನ ಮೊದಲೇ ಮುಲೂಕಳ ಕಾಗದ ಬಂದಿತ್ತು. ದಿಮ್ನದ ಮೇಷ್ಟ್ರ ಕೈಲಿ ಬರೆಸಿದ್ದಾಳೆ. 'ಸಣ್ಣ ಮಾತು' ಯಾವುದು ಅಂತ ನಿನಗೆ ಮರೆತಿದ್ದರೆ ನಾನೇ ನೆನಪು ಮಾಡ್ತೀನಿ, ಕೂತ್ಕೊಂಡು ಓದು.

ನಿನ್ನ ಮೇಲಿನ ಗದ್ದೆಯ ಕಲ್ಲುಕಟ್ಟೆ ಹೋದ ವರ್ಷದ ಮಳೆಗೆ ಕುಸಿಯಿತು. ಊರವರ ಕಟ್ಟೆಯನ್ನೆಲ್ಲ ಕಟ್ಟೋ ಕಲ್ಲುಗಾರ ನೀನು. ನಿನ್ನ ಕಟ್ಟೆಗೆ ಮಾತ್ರ ಎಂಟು ತಿಂಗಳಿಂದ 'ನಾಳೆ'. ಯಾಕೆ ಅಂದರೆ ಮಧ್ಯಾಹ್ನದ ಊಟ ಆದ ಕೂಡಲೇ ನಿನಗೆ ಜಗಿಯೋಕೆ ಮತ್ತಿನ ಖಾತ್ ಎಲೆ ಬೇಕು, ಗಂಡಸರ ಕೋಣೆಯ ದಿಂಬು ಬೇಕು, ಸೂರ್ಯ ಮುಳುಗೋವರೆಗೆ ಎಡಗೆನ್ನೆಯಲ್ಲಿ ನಿಂಬೆಕಾಯಿ ಗಾತ್ರದ ಉಂಡೆ ಬೇಕು. ಆ ಕಟ್ಟೆಯಿಂದಲೇ ನಿನ್ನ ಆರು ವರ್ಷದ ಮಗಳು ಬಿದ್ದಳು. ಮುಲೂಕ್ ಪಕ್ಕದ ಮನೆಯವಳನ್ನು ಕಳಿಸಿದಳು. ನೀನು ಅಂದೆ: 'ಬಂದೆ.' ಮತ್ತೆ ಕಳಿಸಿದಳು. 'ಬಂದೆ.' ಮೂರನೇ ಸಲ ಅವಳೇ ಬಂದು ಕೋಣೆಯ ಕಿಟಕಿ ಹತ್ತಿರ ನಿಂತು ಕೂಗಿದಳು. ನೀನು ಎದ್ದು ನೋಡಲಿಲ್ಲ, ಕೈ ಎತ್ತಿ 'ಬಂದೆ ಕಣೇ' ಅಂದೆ. ಬಂದಿದ್ದು ಸಂಜೆ ನಮಾಜು ಆದಮೇಲೆ. ಅಷ್ಟು ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ತಂಗಿದ್ದ ಮೂಳೆ ಕಟ್ಟೋನು ಸಂತೆಗೆ ಹೊರಟುಹೋಗಿದ್ದ. ಮಗುವನ್ನು ಎತ್ತಿಕೊಂಡು ಗುಡ್ಡ ಇಳಿಯೋಕೆ ಒಬ್ಬ ಗಂಡಸು ಬೇಕಿತ್ತು, ಊರಿನ ಅಷ್ಟೂ ಗಂಡಸರು ಮೇಕೆಗಳ ಥರ ಮೆಲುಕು ಹಾಕ್ತಿದ್ದರು. ಮೂರನೇ ದಿನ ಕೈ ಕಟ್ಟಿದರು. ಈಗ ಆ ಕೈ ಡೊಂಕು. ಇದು ನಿನ್ನ 'ಸ್ವಲ್ಪ ನೋವು'.

ಮುಲೂಕಳ ಅಪ್ಪ ಕಾಯಿದ್ ಮಾವ ದೊಡ್ಡ ಹಬ್ಬದ ತನಕ ಕಾಯ್ತಾರಂತೆ. ಬಕ್ರೀದ್ ಒಳಗೆ ನೀನು ಎಲೆ ಬಿಡದೇ ಇದ್ದರೆ ಖಾಜಿ ಹತ್ತಿರ ಹೋಗಿ ಬಿಡುಗಡೆ ಬರೆಸ್ತಾರೆ. ನೀನು ಆಣೆ ಹಾಕಿ ಕರೆಯೋಕೆ ಹೋಗಬೇಡ. ಮುಲೂಕ್ ಹೀಗೆ ಬರೆಸಿದ್ದಾಳೆ: 'ಹನ್ನೊಂದು ವರ್ಷ ಅವನ ಆಣೆ ಕೇಳಿ ಕೇಳಿ ಕಿವಿ ತೂತಾಗಿದೆ. ಅವನ ಬಾಯಿಯ ಮಾತು ನಂಬಲ್ಲ. ಬಿಟ್ಟಿದ್ದಾನೆ ಅಂತ ನನಗೇ ಗೊತ್ತಾಗಬೇಕು.'

ಇಲ್ಲಿ ನಮ್ಮ ಸರ್ಕಾರ ಗುರುವಾರ, ಶುಕ್ರವಾರ ಎರಡು ದಿನ ಮಾತ್ರ ಎಲೆ ಮಾರೋಕೆ ಬಿಡುತ್ತೆ. ನಿಮ್ಮ ಭಾವ ಐದು ದಿನ ಮನುಷ್ಯ, ಎರಡು ದಿನ ಮೇಕೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ನೀನೂ ಬಿಡಬಹುದು. ಬಿಡ್ತೀಯಾ ಅಂತ ಕೇಳ್ತಿಲ್ಲ, ಬಿಡು ಅಂತಿದ್ದೀನಿ.

ನೂರಿಯಾ

•

ಹಬೀಲ್
8 ಏಪ್ರಿಲ್ 1984

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಪ್ರತಿ ಸಲವೂ ಆ ಕಿಟಕಿ ಹತ್ತಿರ ಬಂದಾಗ ನಿಲ್ಲಿಸಿ ಹೊರಗೆ ಹೋಗಿ ಬಂದೆ. ನೀನು ಬರೆದಿದ್ದೆಲ್ಲ ನಿಜ. ಒಂದು ಬಿಟ್ಟಿದ್ದೀಯ. ಕಿಟಕಿಯಲ್ಲಿ ಅವಳ ಮುಖ ನನಗೆ ಕಾಣಿಸಿತ್ತು. ಗೊತ್ತಿದ್ದೂ ಏಳಲಿಲ್ಲ. ಉಂಡೆಗೆ ಆಗಷ್ಟೇ ರಸ ಬಂದಿತ್ತು, ಉಗುಳೋಕೆ ಮನಸ್ಸು ಬರಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳ್ತಿದ್ದೀನಿ.

ಕೇಳು. ಹದಿನಾರು ದಿನದ ಕೆಳಗೆ ಎಡಗಡೆ ದವಡೆ ಹಲ್ಲು ಪ್ರಾಣ ತಿಂತಿತ್ತು. ಸಲ್ಲಾಮನ ಗುಡಿಸಲಿಗೆ ಹೋದೆ. ಊರಿಗೆಲ್ಲ ಕ್ಷೌರ ಮಾಡೋದು, ಹಲ್ಲು ಕೀಳೋದು ಅವನೇ ಅಲ್ವಾ. ಇಕ್ಕಳ ಹಾಕಿ ಕಿತ್ತ. 'ಯಜಮಾನ್ರೇ, ಇನ್ನು ಇಪ್ಪತ್ತು ದಿನ ಈ ಕೆನ್ನೆಗೆ ಎಲೆ ಇಟ್ಟರೆ ಕೀವು ತುಂಬಿ ಸಾಯ್ತೀರಿ' ಅಂದ. ಇದೇ ಸರಿಯಾದ ಹೊತ್ತು ಅಂದುಕೊಂಡು ಮನೆಯಲ್ಲಿದ್ದ ಕಟ್ಟು ಎಲೆಯನ್ನೆಲ್ಲ ಹಸುವಿನ ಮುಂದೆ ಹಾಕಿದೆ. ಅವತ್ತು ರಾತ್ರಿಯೆಲ್ಲ ಹಸು ಮಲಗಲಿಲ್ಲ.

ಬೆಳಗ್ಗೆ ಕಷ್ಟ ಇಲ್ಲ, ಕಲ್ಲು ಕೆಲಸ ಇರುತ್ತೆ. ಊಟ ಆದಮೇಲೆ ಶುರು. ಬಾಯಿ ಒಣಗುತ್ತೆ, ಎದುರಿಗೆ ಬಂದವರನ್ನೆಲ್ಲ ಹೊಡೆಯೋಣ ಅನ್ನಿಸುತ್ತೆ. ಗಂಡಸರ ಕೋಣೆಯಿಂದ ನಗು ಕೇಳುತ್ತೆ. ಮನೆಯೊಳಗೆ ಕೂತರೆ ಮನೆ ತಿನ್ನೋಕೆ ಬರುತ್ತೆ, ಅರ್ವಾಳ ಚಪ್ಪಲಿ ಒಂದು ಇಲ್ಲೇ ಉಳಿದಿದೆ. ಅದಕ್ಕೇ ಮಧ್ಯಾಹ್ನ ಬೇರೊಂದು ಕಡೆ ಹೋಗಿ ಕೂರ್ತಿದ್ದೀನಿ. ಎಲ್ಲಿ ಅಂತ ಕೇಳಬೇಡ. ಕೆಟ್ಟ ಜಾಗ ಅಲ್ಲ. ಇವತ್ತಿಗೆ ಹದಿನಾರು ದಿನ, ಎಲೆ ಮುಟ್ಟಿಲ್ಲ.

ಕಟ್ಟೆ ಕಟ್ಟೋಕೆ ಶುರು ಮಾಡಿದ್ದೀನಿ. ಮುಲೂಕಳಿಗೆ ಬರೆ. ನಾನು ಬರೆದರೆ ಓದಿಸಲ್ಲ.

ಮುಕ್ಬಿಲ್

•

ಏಡನ್
12 ಮೇ 1984

ಲೋ ಮುಕ್ಬಿಲ್,

ಸಲಾಮು ಗಿಲಾಮು ಏನೂ ಇಲ್ಲ.

ನಿನ್ನ ಏಪ್ರಿಲ್ ಕಾಗದ ಓದಿ ಅತ್ತಿದ್ದೆ ಕಣೋ. ಕಾರ್ಖಾನೆಯಲ್ಲಿ ಎಲ್ಲರಿಗೂ 'ನನ್ನ ತಮ್ಮ ಎಲೆ ಬಿಟ್ಟ' ಅಂತ ಹೇಳಿಕೊಂಡು ತಿರುಗಿದ್ದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿದರಾ?

ಮೊನ್ನೆ ಹಮ್ಮೂದ್ ಬಂದಿದ್ದ. 'ನನ್ನ ತಮ್ಮ ಹೇಗಿದ್ದಾನಪ್ಪಾ' ಅಂದೆ. ಗದರಿಸಿದ ಮೇಲೆ ಬಾಯಿಬಿಟ್ಟ. ಕೆಳಗಿನ ರಸ್ತೆಯಲ್ಲಿ ಲಾರಿ ಕೆಟ್ಟು ಎರಡು ಮಧ್ಯಾಹ್ನ ನಿಂತಿತ್ತಂತೆ. ಮೇಲೆ ನೋಡಿದರೆ, ಆ ಕ್ಷೌರದ ಸಲ್ಲಾಮನ ಗುಡಿಸಲ ಹಿಂದೆ, ಬೇಲಿ ಮರೆಯಲ್ಲಿ, ನೀನು! ಎರಡು ದಿನವೂ! 'ಅಕ್ಕಾ, ಒಂದು ಕೆನ್ನೆಯಲ್ಲ, ಎರಡೂ ಕೆನ್ನೆ ಚೆಂಡಿನ ಹಾಗೆ ಊದಿಕೊಂಡಿತ್ತು. ಕಣ್ಣು ಕೆಂಪಗೆ, ಮುಂದೆ ಒಂದು ಬಟ್ಟಲು, ಅದಕ್ಕೆ ಬಗ್ಗಿಕೊಂಡು ಕೂತಿದ್ದ' ಅಂದ. ಬಟ್ಟಲು ಉಗುಳೋಕೆ ಅಂತ ನನಗೆ ಗೊತ್ತಾಗಲ್ವಾ? ನಿನ್ನ ಓರಗೆಯವರ ಮುಂದೆ ಮಾನ ಹೋಗುತ್ತೆ ಅಂತ ಕ್ಷೌರದವನ ಬೇಲಿ ಮರೆಗೆ ಹೋಗಿ, ಒಂದು ಕೆನ್ನೆ ಸಾಲದು ಅಂತ ಎರಡಕ್ಕೂ ತುಂಬಿಕೊಳ್ತೀಯಾ? ಮಗಳು ಕೈ ಮುರ್ಕೊಂಡು ಕೂತಿದ್ದಾಳೆ ಕಣೋ!

ನಾನು ಸುಮ್ಮನಿರಲಿಲ್ಲ. ಅವತ್ತೇ ಕಾಯಿದ್ ಮಾವನಿಗೆ ಬರೆದೆ. 'ನನ್ನ ತಮ್ಮ ಎಲೆ ಬಿಟ್ಟಿಲ್ಲ, ಸುಳ್ಳು ಹೇಳ್ತಿದ್ದಾನೆ, ಮುಲೂಕಳನ್ನು ಕಳಿಸಬೇಡಿ' ಅಂತ. ಒಡಹುಟ್ಟಿದವಳೇ ಹೀಗೆ ಬರೀಬೇಕಾಯ್ತಲ್ಲ ಅಂತ ಹೊಟ್ಟೆ ಉರೀತಿದೆ. ಮಾಡಿದ್ದುಣ್ಣೋ ಮಹಾರಾಯ.

ನೂರಿಯಾ

•

ಹಬೀಲ್
30 ಮೇ 1984

ಅಕ್ಕಾ,

ನಾಳೆ ನಾಡಿದ್ದರಲ್ಲಿ ರಂಜಾನ್ ಶುರು. ಸಿಟ್ಟು ಇಟ್ಟುಕೊಂಡು ಉಪವಾಸ ಹಿಡಿಯೋಕೆ ಆಗಲ್ಲ, ಅದಕ್ಕೆ ಇವತ್ತೇ ಎಲ್ಲ ಬರೆದು ಮುಗಿಸ್ತೀನಿ.

ಹಮ್ಮೂದ್ ಕಣ್ಣಲ್ಲಿ ಕಂಡಿದ್ದು ನಿಜ. ಎರಡೂ ಕೆನ್ನೆ ಊದಿತ್ತು. ಅದರೊಳಗೆ ಇದ್ದದ್ದು ಗಾಳಿ.

ಹಲ್ಲು ಕಿತ್ತ ದಿನ ಸಲ್ಲಾಮನ ಗುಡಿಸಲಲ್ಲೇ ಊಟದ ಹೊತ್ತು ಮೀರಿತು. ಗೋಡೆಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಅವನು ನೋಡಿದ, ನೋಡಿದ, ಆಮೇಲೆ ಒಂದು ಬಟ್ಟಲು ನೀರು, ಒಂದು ಜೋಳದ ದಂಟಿನ ಕೊಳವೆ ತಂದಿಟ್ಟ. 'ಯಜಮಾನ್ರೇ, ಬಾಯಿ ಸುಮ್ಮನೆ ಇರಲ್ಲ ಅನ್ನುತ್ತಲ್ಲ, ಅದಕ್ಕೊಂದು ಕೆಲಸ ಕೊಡಿ. ಇದನ್ನ ಊದಿ. ನೀರಲ್ಲಿ ಗುಳ್ಳೆ ಬರ್ತಾ ಇರಬೇಕು, ನಿಲ್ಲಬಾರದು.' ಉಸಿರು ಮುಗಿದಾಗ ನಿಲ್ಲಲೇಬೇಕಲ್ಲ ಅಂದೆ. ನಕ್ಕ. ಅವನು ಊದಿ ತೋರಿಸಿದ. ಅಕ್ಕಾ, ಅಷ್ಟು ಹೊತ್ತು! ಗುಳ್ಳೆ ನಿಲ್ಲಲೇ ಇಲ್ಲ. ಕೆನ್ನೆಯನ್ನೇ ತಿದಿ ಮಾಡಿಕೊಂಡು ಅದರಲ್ಲಿ ಗಾಳಿ ತುಂಬಿಡೋದು. ಆ ಗಾಳಿಯನ್ನು ಕೊಳವೆಗೆ ಹಿಂಡ್ತಾ ಇರೋವಾಗಲೇ ಮೂಗಿನಲ್ಲಿ ಹೊಸ ಉಸಿರು ಎಳೆಯೋದು. ಮಿಜ್ಮಾರ್ ಊದೋರು ಮದುವೆಗಳಲ್ಲಿ ಗಂಟೆಗಟ್ಟಲೆ ಉಸಿರು ಕಡಿಯದೆ ಊದೋದು ಹೀಗೇನಂತೆ.

ಹೌದು. ನಾನು ಮಿಜ್ಮಾರ್ ಕಲೀತಿದ್ದೀನಿ. ಸಲ್ಲಾಮಜ್ಜನ ಹತ್ತಿರ. ಆ ಜೋಡಿ ಕೊಳವೆಯ ವಾಲಗವನ್ನು ನಮ್ಮಂಥ ಮನೆತನದವರು ಮುಟ್ಟಲ್ಲ, ಊದೋರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬೇಲಿ ಮರೆ, ಅದಕ್ಕೇ ನಿನಗೆ ಹೇಳಲಿಲ್ಲ.

ಇನ್ನೊಂದು ತಪ್ಪೂ ಒಪ್ಪಿಕೊಂಡುಬಿಡ್ತೀನಿ. ಹಲ್ಲಿನ ಗಾಯ ಮಾಗಿತು, ಇಪ್ಪತ್ತು ದಿನ ಕಳೀತು. ಏಪ್ರಿಲ್ ಕೊನೆಯಲ್ಲಿ ಒಂದು ಶುಕ್ರವಾರ ನನ್ನ ಜಾಣತನ ನೋಡು. ಬಲಗೆನ್ನೆ ಖಾಲಿ ಇದೆಯಲ್ಲ, ಅಲ್ಲಿ ಚಿಕ್ಕ ಉಂಡೆ ಇಟ್ಟು ಎಡಗೆನ್ನೆಯಲ್ಲಿ ಊದೋಣ ಅಂದುಕೊಂಡೆ. ಎರಡು ನಿಮಿಷ. ಮೂಗಿನಲ್ಲಿ ಉಸಿರು ಎಳೆದೆ, ಸೊಪ್ಪೆಲ್ಲ ಗಂಟಲಿಗೆ ನುಗ್ಗಿತು. ಕೆಮ್ಮಿದೆ. ಹಸಿರು ಎಂಜಲೆಲ್ಲ ಕೊಳವೆಗೆ ಹೋಗಿ ಕಟ್ಟಿಕೊಂಡಿತು. ಸಲ್ಲಾಮಜ್ಜನ ಅಪ್ಪ ಕೆತ್ತಿದ ಕೊಳವೆ ಅದು. ಅಜ್ಜ ಕಸಿದುಕೊಂಡು, ತನ್ನ ರುಮಾಲಿನಲ್ಲಿ ಒರೆಸ್ತಾ ಒರೆಸ್ತಾ, ಅಲ್ಲೀವರೆಗೆ ಯಜಮಾನ್ರೇ ಅಂತಿದ್ದವನು ಹೇಳಿದ: 'ಲೋ, ಕೆನ್ನೆ ಒಂದೇ ಇರೋದು. ಎಲೆಗಾದ್ರೂ ಕೊಡು, ಗಾಳಿಗಾದ್ರೂ ಕೊಡು. ಇಬ್ಬರಿಗೂ ಬಾಡಿಗೆಗೆ ಕೊಡೋಕೆ ಇದೇನು ಛತ್ರವಾ? ಹೋಗು ಮನೆಗೆ.' ಮೂರು ದಿನ ಒಳಗೆ ಬಿಡಲಿಲ್ಲ. ನಾಲ್ಕನೇ ದಿನ ಬೇಲಿ ಹೊರಗೆ ಕೂತು ನನ್ನದೇ ಬಟ್ಟಲಲ್ಲಿ ಊದಿದೆ. ಆಗ ಕರೆದ.

ಅವತ್ತಿನಿಂದ ಎಲೆ ಮುಟ್ಟಿಲ್ಲ. ಆಣೆ ಹಾಕಲ್ಲ. ನಂಬಿದರೆ ನಂಬು.

ನೀನು ಕಾಯಿದ್ ಮಾವನಿಗೆ ಬರೆದದ್ದನ್ನು ನೀನೇ ಸರಿ ಮಾಡು.

ಮುಕ್ಬಿಲ್

•

ಏಡನ್
20 ಜೂನ್ 1984

ತಮ್ಮಾ,

ಈ ಕಾಗದ ನಾಲ್ಕು ಸಲ ಬರೆದು ಹರಿದೆ.

ನೀನು ಎಲೆ ತಿಂತಿಲ್ಲ ಅಂತ ನಂಬಿದೆ. ಛತ್ರದ ಮಾತು ನೀನು ಕಟ್ಟಿದ್ದಲ್ಲ, ಅಷ್ಟು ಬುದ್ಧಿ ನಿನಗಿಲ್ಲ. ಹಮ್ಮೂದನ ಮಾತು ಕೇಳಿ ದುಡುಕಿದೆ. ತಪ್ಪಾಯ್ತು ಕಣೋ. ನಿನ್ನ ಮಾತು ಕೇಳೋ ಮೊದಲೇ ಬರೆದುಬಿಟ್ಟೆ.

ಆದರೆ ಮಿಜ್ಮಾರಾ, ಮುಕ್ಬಿಲ್? ಮನೆತನದ ಗುರುತು ಅಂತ ಅಪ್ಪ ಸೊಂಟಕ್ಕೆ ಕಟ್ತಿದ್ದ ಬಾಕು ಇನ್ನೂ ನಿನ್ನ ಗೋಡೆ ಮೇಲಿದೆ. ಅದನ್ನು ಕಟ್ಟಿಕೊಂಡು ನೀನು ಮದುವೆ ಮನೆಯಲ್ಲಿ ಯಾರ ಪಕ್ಕ ಕೂರ್ತೀಯ? ಎಲೆ ತಿಂದವನನ್ನು ಸೋಮಾರಿ ಅಂತಾರೆ. ಮಿಜ್ಮಾರ್ ಊದಿದವನನ್ನು ಯಾರ ಮಗನೋ ಅಂತಾರೆ. ಊರು ಬಿಟ್ಟು ಇಪ್ಪತ್ತು ವರ್ಷ ಆಯ್ತು, ಓದು ಬರಹ ಕಲಿತೆ, ಎಲ್ಲರೂ ಸಮಾನ ಅಂತ ಕಾರ್ಖಾನೆಯ ಸಭೆಯಲ್ಲಿ ಕೈ ಎತ್ತಿದ್ದೀನಿ. ಆದರೂ ನಿನ್ನ ಕಾಗದ ಓದಿ ಗೆಳತಿಯರಿಗೆ ಕಾಣದ ಹಾಗೆ ಮಡಚಿ ಬಚ್ಚಿಟ್ಟೆ. ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಪಾಡು ನೋಡು. ಕಾಯಿದ್ ಮಾವನಿಗೆ ಏನು ಬರೀಲಿ? ಎರಡೂ ಕೆನ್ನೆ ಊದಿದ್ದು ಎಲೆಗಲ್ಲ ಅಂದರೆ ಯಾತಕ್ಕೆ ಅಂತ ಕೇಳ್ತಾರೆ. ಮಿಜ್ಮಾರಿಗೆ ಅಂದರೆ ಬಕ್ರೀದ್ ತನಕ ಕೂಡ ಕಾಯಲ್ಲ, 'ವಾಲಗದವನಿಗೆ ಮಗಳು ಕೊಟ್ಟವನು' ಅನ್ನಿಸಿಕೊಳ್ಳೋಕೆ ಅವರು ತಯಾರಿಲ್ಲ. ಹೇಳದಿದ್ದರೆ ಸುಳ್ಳುಗಾರ, ಹೇಳಿದರೆ ವಾಲಗದವನು. ಯಾವುದು ಬರೀಲಿ, ನೀನೇ ಹೇಳು.

ಒಂದು ದಾರಿ ಇದೆ. ಆ ಕೊಳವೆಯನ್ನು ಅಜ್ಜನಿಗೆ ವಾಪಸು ಕೊಟ್ಟು ಇಲ್ಲಿಗೆ ಬಾ. ಭಾವ ಬಂದರಿನಲ್ಲಿ ಕೆಲಸ ಕೊಡಿಸ್ತಾರೆ. ವಾರಕ್ಕೆ ಎರಡು ದಿನ ಮಾತ್ರ ನಿನ್ನನ್ನು ಕಾದರಾಯ್ತು, ಅದಕ್ಕೆ ನಾನಿದ್ದೀನಿ.

ನೂರಿಯಾ

•

ಹಬೀಲ್
14 ಜುಲೈ 1984

ಅಕ್ಕಾ,

ಏನೂ ಬರೀಬೇಡ.

ಏಡನ್ನಿಗೆ ಬರಲ್ಲ. ಗುರುವಾರ ಶುಕ್ರವಾರ ಅಕ್ಕನ ಕಾವಲಿನಲ್ಲಿ ಎಲೆ ಬಿಟ್ಟವನು ಎಲೆ ಬಿಟ್ಟವನಾ? ಮುಲೂಕ್ ಏನು ಹೇಳಿದ್ದಾಳೆ? ನನಗೇ ಗೊತ್ತಾಗಬೇಕು ಅಂದಿದ್ದಾಳೆ. ರಂಜಾನ್ ಪೂರ್ತಿ ಮಿಜ್ಮಾರ್ ಮುಟ್ಟಲಿಲ್ಲ, ಸಂಜೆ ಉಪವಾಸ ಬಿಟ್ಟು ಬಟ್ಟಲಲ್ಲೇ ಊದಿದೆ, ಊದ್ತಾ ಇದನ್ನೇ ಯೋಚಿಸಿದೆ. ಕೆನ್ನೆಯಲ್ಲಿ ಎಲೆ ಇದ್ದರೆ ಉಸಿರು ಕಡಿಯದೆ ಊದೋಕೆ ಆಗಲ್ಲ. ಅದು ಈ ಸೀಮೆಯ ಚಿಕ್ಕ ಮಗುವಿಗೂ ಗೊತ್ತು. ಹಾಗಾದರೆ ಎಲೆ ಜಗಿಯೋ ಹೊತ್ತಿನಲ್ಲೇ, ಮಧ್ಯಾಹ್ನದಿಂದ ಸೂರ್ಯ ಮುಳುಗೋವರೆಗೆ, ದಿನಾ ಊದಿದರೆ? ದಿಮ್ನಕ್ಕೆ ಕೇಳೋ ಹಾಗೆ ಊದಿದರೆ?

ರಂಜಾನ್ ಹಬ್ಬ ಮುಗಿದ ವಾರದಿಂದ ಬೇಲಿ ಮರೆ ಬಿಟ್ಟೆ. ನಮ್ಮ ಮನೆ ಮಾಳಿಗೆ ಮೇಲೆ, ಕಣಿವೆಗೆ ಮುಖ ಮಾಡಿ, ಎಲ್ಲರಿಗೂ ಕಾಣೋ ಹಾಗೆ ಕೂತು ಊದ್ತಿದ್ದೀನಿ.

ಏನಾಯ್ತು ಅಂತ ಕೇಳ್ತೀಯಾ? ಎಲ್ಲ ಆಯ್ತು. ಮೊದಲ ದಿನ ಗಂಡಸರ ಕೋಣೆಯವರು ಕಿಟಕಿಯಿಂದ ಕೂಗಿದರು: 'ಏನೋ ಮುಕ್ಬಿಲ್, ಕ್ಷೌರಕ್ಕೆ ಯಾವಾಗ ಕೂರ್ತೀಯ? ನನ್ನ ತಲೆಯಿಂದ ಶುರು ಮಾಡು!' ಎರಡನೇ ದಿನ ಚಿಕ್ಕಪ್ಪನ ಮಗ ಮಾಳಿಗೆಗೆ ಕಲ್ಲು ಎಸೆದ. ಮೂರನೇ ದಿನ ಶೇಖ್ ಕರೆಸಿದರು. 'ಆ ಕೊಳವೆ ಕೆಳಗಿಡು, ಇಲ್ಲಾ ಸೊಂಟದ ಬಾಕು ಕೆಳಗಿಡು' ಅಂದರು. ಮನೆಗೆ ಬಂದು ಅಪ್ಪನ ಬಾಕು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಸುತ್ತೋವಾಗ ಅಳು ಬಂತು ಅಕ್ಕಾ, ಮುಚ್ಚಿಡಲ್ಲ. ಆದರೆ ಅಪ್ಪ ಇದ್ದಿದ್ದರೆ, ಮೊಮ್ಮಗಳು ಬಿದ್ದಳು ಅಂದಾಗ ಮೂರು ಸಲ ಕರೆಸಿಕೊಳ್ತಿದ್ದರಾ? ಬಾಕು ಕಟ್ಟಿಕೊಂಡೇ ನಾನು ಅವತ್ತು ಆ ದಿಂಬಿಗೆ ಒರಗಿದ್ದೆ. ಬಾಕು ನನ್ನನ್ನು ಎಬ್ಬಿಸಲಿಲ್ಲ.

ಮಾನ ಹೋದರೆ ಹೋಗಲಿ. ಹೋಗಬೇಕಾದ್ದು ಅವತ್ತೇ ಹೋಗಿತ್ತು.

ಕಷ್ಟ ಒಂದೇ, ನನಗೆ ಇನ್ನೂ ಸರಿಯಾಗಿ ಬರಲ್ಲ. ಉಸಿರು ಕಡೀತಾ ಇರುತ್ತೆ. ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಕಡಿದಾಗಲೆಲ್ಲ ಮುಲೂಕ್ ಏನು ಅಂದುಕೊಳ್ತಾಳೋ ಅಂತ ಜೀವ ಹಾರುತ್ತೆ. ಅಷ್ಟು ದೂರ ಕೇಳುತ್ತೋ ಇಲ್ವೋ, ಊದ್ತಿರೋದು ನಾನು ಅಂತ ಗೊತ್ತೋ ಇಲ್ವೋ. ನನಗೇನೂ ತಿಳಿಯಲ್ಲ. ಕೊಳವೆ ತುದಿಯ ಪೀಪಿಗಳೂ ಸವೆದು ಹೋಗಿವೆ, ಇಲ್ಲಿನ ಜೊಂಡು ಗಟ್ಟಿ ಇಲ್ಲ. ಸಲ್ಲಾಮಜ್ಜ ಹೇಳ್ತಾರೆ, ನಿಮ್ಮ ಕಡೆಯ ಲಹಜ್ ತೋಟಗಳ ಜೊಂಡು ಒಳ್ಳೇದಂತೆ.

ನಾನು ಕೇಳ್ತಿಲ್ಲ. ಹೇಳ್ತಿದ್ದೀನಿ ಅಷ್ಟೆ.

ಮುಕ್ಬಿಲ್

•

ಏಡನ್
16 ಆಗಸ್ಟ್ 1984

ಮುಕ್ಬಿಲ್,

ಈ ಕಾಗದದ ಜೊತೆ ಒಂದು ಕಟ್ಟು ಇದೆ. ಹಳೇ ಲುಂಗಿಯಲ್ಲಿ ಸುತ್ತಿದ್ದೀನಿ, ನೆಂದಿರಬಹುದು, ನೆರಳಲ್ಲಿ ಒಣಗಿಸು. ನಲವತ್ತು ಕಡ್ಡಿ ಲಹಜ್ ಜೊಂಡು. ಹಮ್ಮೂದನಿಗೆ 'ಇದರಲ್ಲಿ ಒಂದು ಮುರಿದರೆ ನಿನ್ನ ಕಾಲು ಮುರೀತೀನಿ' ಅಂತ ಹೇಳಿ ಕಳಿಸಿದ್ದೀನಿ. ಕಂಡಿದ್ದನ್ನು ಅರ್ಧ ಹೇಳಿದ ತಪ್ಪಿಗೆ ಬಾಡಿಗೆ ಕೇಳಲಿಲ್ಲ.

ಹೇಗೆ ಬಂತು ಅಂತ ಹೇಳ್ತೀನಿ. ಕಾರ್ಖಾನೆಯ ಗೆಳತಿಯ ತಂಗಿಯ ಮದುವೆಗೆ ಲಹಜ್‌ಗೆ ಹೋಗಿದ್ದೆ. ಅಂಗಳದಲ್ಲಿ ಒಬ್ಬ ಮುದುಕ ಮಿಜ್ಮಾರ್ ಊದ್ತಿದ್ದ. ಬೇರೆ ಹೆಂಗಸರೆಲ್ಲ ಮದುಮಗಳ ಹತ್ತಿರ ಇದ್ದರು, ನಾನು ಬಾಗಿಲ ಸಂದಿನಲ್ಲಿ ನಿಂತು ಅವನ ಕೆನ್ನೆಯನ್ನೇ ನೋಡಿದೆ. ಎಷ್ಟು ಹೊತ್ತು ಅಂತೀಯಾ, ಅನ್ನ ಆರಿ ಹೋಯ್ತು. ಕೆನ್ನೆ ತುಂಬೋದು, ಇಳಿಯೋದು, ತುಂಬೋದು. ಎಲೆ ಇಡೋಕೆ ಅಲ್ಲಿ ಜಾಗ ಎಲ್ಲಿದೆ? ಒಂದು ಸಾಸಿವೆ ಕಾಳಿಗೂ ಇಲ್ಲ. ಅವನು ಬೆವರು ಒರೆಸ್ಕೊಳ್ಳೋಕೆ ನಿಲ್ಲಿಸಿದಾಗ ಹೋಗಿ 'ಕಾಕಾ, ನನ್ನ ತಮ್ಮ ಮಿಜ್ಮಾರ್ ಕಲೀತಿದ್ದಾನೆ, ಒಳ್ಳೆ ಜೊಂಡು ಎಲ್ಲಿ ಸಿಗುತ್ತೆ?' ಅಂದೆ. ಅಷ್ಟು ಜನರ ಮುಂದೆ ಅಂದೆ. ನಾಲಿಗೆ ಬೀಳಲಿಲ್ಲ.

ಅಪ್ಪನ ಬಾಕಿನ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ನೀನು ಸರಿ.

ಮುಲೂಕಳಿಂದ ನನಗೆ ಕಾಗದ ಬಂದಿದೆ. ಅದರಲ್ಲಿ ಏನಿದೆ ಅಂತ ಹೇಳಲ್ಲ. ಹೇಳಬಾರದು ಅಂತ ಅವಳೇ ಬರೆಸಿದ್ದಾಳೆ. ಬಕ್ರೀದಿಗೆ ಇನ್ನು ಇಪ್ಪತ್ತು ದಿನ. ಕಾಯಿದ್ ಮಾವ ಖಾಜಿಗೆ ಹೇಳಿ ಇಟ್ಟಿದ್ದಾರೆ, ಹಬ್ಬದ ಮೂರನೇ ದಿನ ಅಂತ. ಅದಷ್ಟು ನಿನಗೆ ಗೊತ್ತಿರಲಿ.

ಊದು ತಮ್ಮಾ. ಬೇರೇನೂ ಮಾಡಬೇಡ, ಊದು.

ನಿನ್ನ ಅಕ್ಕ
ನೂರಿಯಾ

•

ಹಬೀಲ್
9 ಸೆಪ್ಟೆಂಬರ್ 1984

ನನ್ನ ಪ್ರೀತಿಯ ನೂರಿಯಕ್ಕನಿಗೆ, ಹಬ್ಬದ ಸಲಾಮು.

ಜೊಂಡು ಬಂತು. ಮೂವತ್ತೊಂಬತ್ತು ಇತ್ತು, ಹಮ್ಮೂದನ ಕಾಲುಂಟು, ನೀನುಂಟು. ಸಲ್ಲಾಮಜ್ಜ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ 'ನಿಮ್ಮಕ್ಕ ಕಲ್ಲುಗಾರನ ಮನೇಲಿ ಹುಟ್ಟಬಾರದಿತ್ತು' ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಹಬ್ಬದ ಹಿಂದಿನ ದಿನ. ಊಟ ಮುಗಿಸಿ ಮಾಳಿಗೆ ಹತ್ತಿ ಶುರು ಮಾಡಿದೆ. ಆ ವಾರ ಉಸಿರು ಕಡಿಯೋದು ಕಮ್ಮಿ ಆಗಿತ್ತು. ಆರು ಸಲ, ನಾಲ್ಕು ಸಲ, ಹಿಂದಿನ ದಿನ ಒಂದೇ ಸಲ. ಆವತ್ತು ಏನಾದರೂ ಆಗಲಿ ಕಡಿಯಬಾರದು ಅಂತ ಹಟ ಹಿಡಿದು ಕೂತಿದ್ದೆ. ಇಳಿಮಧ್ಯಾಹ್ನದ ನಮಾಜಿನ ಹೊತ್ತು ಮಾತ್ರ ಇಳಿದು ಬಂದು ಮತ್ತೆ ಹತ್ತಿದೆ.

ಸ್ವಲ್ಪ ಹೊತ್ತಿಗೆ ಆಚೆ ದಡದಲ್ಲಿ, ದಿಮ್ನದ ಗದ್ದೆಗಳ ಮೆಟ್ಟಿಲಲ್ಲಿ, ಎರಡು ಚುಕ್ಕೆ ಇಳೀತಾ ಕಾಣಿಸಿತು. ಒಂದು ಹಳದಿ, ಒಂದು ಚಿಕ್ಕದು. ಮುಲೂಕಳ ಹಳದಿ ಮುಸುಕು ನನಗೆ ಗೊತ್ತಾಗಲ್ವಾ? ಕೊಳವೆ ಬಿಸಾಕಿ ಓಡಿಬಿಡೋಣ ಅನ್ನಿಸಿತು. ಆಮೇಲೆ ಹೊಳೀತು. ಅವಳು ಈ ಸದ್ದು ಹಿಡಿದುಕೊಂಡು ಬರ್ತಿದ್ದಾಳೆ. ಇದು ನಿಂತರೆ ಅವಳೂ ನಿಲ್ತಾಳೆ.

ಕಣಿವೆ ಇಳಿದು ಹತ್ತೋಕೆ ಎರಡು ಗಂಟೆ. ಅಷ್ಟು ಹೊತ್ತು ನಾನು ಯಾವತ್ತೂ ಊದಿರಲಿಲ್ಲ. ತುಟಿ ಸೀಳಿತು. ಕಿವಿಯೊಳಗೆ ಜೋಳ ಕುಟ್ಟಿದ ಹಾಗೆ ಸದ್ದು. ಅವರು ಹಳ್ಳದ ಮರಗಳ ಹಿಂದೆ ಹೋದಾಗ ಕಾಣಲಿಲ್ಲ. ಆ ಹೊತ್ತೇ ಎಲ್ಲಕ್ಕಿಂತ ಕಷ್ಟ ಆಯ್ತು. ವಾಪಸು ಹೋದರೋ, ಬರ್ತಿದ್ದಾರೋ ಗೊತ್ತಿಲ್ಲ, ಊದ್ತಾನೇ ಇದ್ದೆ. ಹೊಸ ಕಟ್ಟೆ ಪಕ್ಕದಲ್ಲಿ ಮತ್ತೆ ಹಳದಿ ಕಂಡಿತು. ಅರ್ವಾ ಕಟ್ಟೆಯ ಕಲ್ಲುಗಳನ್ನು ಕೈಯಿಂದ ಸವರಿಕೊಂಡು ಬರ್ತಿದ್ದಳು.

ಗಂಡಸರ ಕೋಣೆಯ ಕಿಟಕಿ ಕೆಳಗೇ ದಾರಿ. ಎಲ್ಲರೂ ಕೆನ್ನೆ ಊದಿಸಿಕೊಂಡು ಹಣಕಿದರು. ನನ್ನ ಚಿಕ್ಕಪ್ಪನ ಮಗನೇ ಕೂಗಿದ: 'ಏನಮ್ಮಾ ಮುಲೂಕ್, ವಾಲಗದವನ ಮನೆಗೆ ಹೊರಟೆಯಾ?' ಅವಳು ನಿಂತಳು. ಅದೇ ಕಿಟಕಿ ಅಕ್ಕಾ. ಊದ್ತಿದ್ದ ನನಗೆ ಕೇಳಿಸಲಿಲ್ಲ, ಅಲ್ಲಿನ ಮಾತನ್ನು ಆಮೇಲೆ ಅರ್ವಾ ಒಂದೊಂದೂ ಹೇಳಿದಳು. 'ಅವತ್ತು ಎರಡು ಸಲ ಹೇಳಿ ಕಳಿಸಿದೆ, ಮೂರನೇ ಸಲ ಇಲ್ಲೇ ನಿಂತು ಕರೆದೆ, ನಿಮ್ಮಲ್ಲಿ ಒಬ್ಬ ಗಂಡಸು ಏಳಲಿಲ್ಲ. ಎರಡು ತಿಂಗಳಿಂದ ದಿನಾ ಮಧ್ಯಾಹ್ನ ಅವನು ನನ್ನನ್ನು ಕರೀತಿದ್ದಾನೆ. ನಾನಾದ್ರೂ ಏಳಬೇಡವಾ?'

ಆಮೇಲೆ ಮನೆಯೊಳಗೆ ಹೇಳಿದಳು, ನಿನಗೆ ಬರೆಸಿದ ಕಾಗದದಲ್ಲಿ ಏನಿತ್ತು ಅಂತ. ಮೊದಲ ದಿನ ಸದ್ದು ಕೇಳಿದಾಗ ದಿಮ್ನದ ಹೆಂಗಸರು 'ಸಲ್ಲಾಮ್ ಊದ್ತಿದ್ದಾನೆ' ಅಂದರಂತೆ. ಇವಳು 'ಅಲ್ಲ, ಸಲ್ಲಾಮಜ್ಜನ ಉಸಿರು ಕಡಿಯಲ್ಲ, ಇದು ಕಲಿಯೋನದು' ಅಂದಳಂತೆ. ಊದೋದು ಯಾರು ಅಂತ ಎರಡೇ ದಿನದಲ್ಲಿ ಬಾವಿ ಹತ್ತಿರ ಸುದ್ದಿ ಬಂತು. ಅವತ್ತಿನಿಂದ ಉಸಿರು ಕಡಿದಾಗಲೆಲ್ಲ ಒಂದೊಂದು ಕಲ್ಲು ಕಿಟಕಿಯ ಮೇಲೆ ಇಟ್ಟಿದ್ದಾಳೆ. ಅರ್ವಾ ಎಣಿಸ್ತಿದ್ದಳು. ಮೂವತ್ತು, ಇಪ್ಪತ್ತು, ಹನ್ನೆರಡು. 'ಒಂದೂ ಕಲ್ಲು ಇಡದ ದಿನ ಹೋಗೋದು ಅಂದುಕೊಂಡಿದ್ದೆ. ಹಿಂದಿನ ದಿನ ಒಂದು ಕಲ್ಲು ಬಿತ್ತು. ಆ ಒಂದು ಕಲ್ಲನ್ನು ನಾನೇ ಎತ್ತಿ ಬಿಸಾಕಿದೆ' ಅಂದಳು. ಕಾಯಿದ್ ಮಾವ ನನ್ನ ಬಾಗಿಲು ತುಳಿಯಲ್ಲ ಅಂತ ಹೇಳಿ ಕಳಿಸಿದ್ದಾರೆ. ಆದರೆ ಖಾಜಿ ಹತ್ತಿರ ಹೋಗಲಿಲ್ಲ.

ಹಬ್ಬದ ದಿನ ಗಂಡಸರ ಸಾಲಿನಲ್ಲಿ ನನಗೆ ಜಾಗ ಬಿಡಲಿಲ್ಲ. ಸಲ್ಲಾಮಜ್ಜನ ಗುಡಿಸಲಲ್ಲಿ ಅವರ ತಟ್ಟೆಯಲ್ಲೇ ಕೂತು ಉಂಡೆ. ಮಾಂಸ ಸ್ವಲ್ಪ ಬೆಂದಿರಲಿಲ್ಲ.

ಮಾಳಿಗೆಯ ಮಾತು ಮುಗಿಸಿಲ್ಲ ನಾನು. ಮುಲೂಕ್ ಅಂಗಳದಲ್ಲೇ ನಿಂತಳು. ಅರ್ವಾ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಏಳು ತಿಂಗಳಾಗಿತ್ತು ನೋಡಿ. ನಾನು ಊದ್ತಾನೇ ಇದ್ದೆ, ನಿಲ್ಲಿಸೋಕೆ ಭಯ. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ನನ್ನ ಕೆನ್ನೆಗಳನ್ನು ನೋಡಿದಳು, ಎಡಗಡೆಯದನ್ನ ತುಂಬಾ ಹೊತ್ತು. ಆಮೇಲೆ ಆ ಡೊಂಕು ಕೈ ಚಾಚಿ ಒಂದು ಬೆರಳಿನಿಂದ ಒತ್ತಿದಳು. ಕೆನ್ನೆ ಒಳಗೆ ಹೋಯ್ತು, ಕೊಳವೆಯಿಂದ ಮೇಕೆಮರಿ ಕೂಗಿದ ಹಾಗೆ ಒಂದು ಸದ್ದು ಬಂದು ಎಲ್ಲ ನಿಂತುಹೋಯ್ತು. ಅವಳು ನಗ್ತಾ ಅಂಗಳಕ್ಕೆ ಬಗ್ಗಿ ಕೂಗಿದಳು:

'ಅಮ್ಮಾ, ಏನೂ ಇಲ್ಲ! ಬರೀ ಗಾಳಿ!'

ನಿನ್ನ ತಮ್ಮ
ಮುಕ್ಬಿಲ್